ಅಪ್‌ಡೇಟ್ ಮತ್ತೆ ಮತ್ತೆ ಫೇಲ್ ಆಗ್ತಿದ್ಯಾ? ಫಾರ್ಮ್ಯಾಟ್‌ಗೆ ಮುಂಚೆ ನಂಬರ್ ನೋಡಿ

ರಾತ್ರಿ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಆಫ್ ಮಾಡೋಕೆ ಹೋದರೆ ‘ಅಪ್‌ಡೇಟ್ ಆ್ಯಂಡ್ ಶಟ್ ಡೌನ್’ ಅನ್ನುತ್ತದೆ. ಸರಿ, ಆಗಲಿ ಅಂತ ಒತ್ತುತ್ತೀರಿ. ಚುಕ್ಕಿಗಳು ಸುತ್ತುತ್ತವೆ, 30 ಪರ್ಸೆಂಟ್ ಆಗುತ್ತದೆ, 70 ಆಗುತ್ತದೆ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ‘ಮಾಡಿದ ಬದಲಾವಣೆಗಳನ್ನು ರದ್ದು ಮಾಡುತ್ತಿದ್ದೇವೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಮಾರನೇ ದಿನ ಅದೇ ರಾಗ, ಅದೇ ತಾಳ.

ವಾರವೆಲ್ಲ ಹೀಗಾದ ಮೇಲೆ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸಿಬಿಡುತ್ತಾರೆ. ಉಳಿದವರು ಹತ್ತಿರದ ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಬಹಳ ಸಲ ಸಿಗುವ ಉತ್ತರ ಒಂದೇ: ‘ವೈರಸ್ ಬಂದಿದೆ ಸಾರ್, ಫಾರ್ಮ್ಯಾಟ್ ಮಾಡ್ಬಿಡೋಣ.’ ಸಂಜೆ ಕಂಪ್ಯೂಟರ್ ಹೊಸದರಂತೆ ವಾಪಸ್ ಬರುತ್ತದೆ. ಆದರೆ ಮಗಳ ಮೊದಲ ಹುಟ್ಟುಹಬ್ಬದ ಫೋಟೊ, ಅಜ್ಜಿಯ ದನಿ ರೆಕಾರ್ಡ್ ಮಾಡಿಟ್ಟಿದ್ದ ಫೈಲು, ಸೈಟಿನ ಕಾಗದಪತ್ರಗಳ ಸ್ಕ್ಯಾನು ಇವೆಲ್ಲ ಇದ್ದ ಫೋಲ್ಡರ್ ಮಾತ್ರ ಇರುವುದಿಲ್ಲ. ನೆಗಡಿ ಬಂತೆಂದು ಮೂಗು ಕುಯ್ದುಕೊಂಡ ಹಾಗೆ.

ಅಪ್‌ಡೇಟ್ ಫೇಲ್ ಆಗುವ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ದೊಡ್ಡ ಕಾಯಿಲೆ ಇರುವುದಿಲ್ಲ. ಜಾಗ ಸಾಲದು, ಗಡಿಯಾರ ತಪ್ಪಿದೆ, ಅರ್ಧ ಇಳಿದ ಫೈಲು ಕೆಟ್ಟಿದೆ, ಒಳಗಿನ ಒಂದೆರಡು ಸಿಸ್ಟಂ ಫೈಲು ಹಾಳಾಗಿದೆ. ಹೆಚ್ಚಿನ ಕಾರಣಗಳು ಇಷ್ಟರಲ್ಲೇ ಇರುತ್ತವೆ. ಯಾವುದು ಅನ್ನುವುದನ್ನು ವಿಂಡೋಸ್ ತಾನೇ ಒಂದು ನಂಬರಿನಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಓದುವವರು ಕಡಿಮೆ, ಅಷ್ಟೇ.

ನಿಲ್ಲಿಸಿಬಿಟ್ಟರೆ ಏನಾಗುತ್ತೆ?

‘ಈಗ ಚೆನ್ನಾಗೇ ಓಡ್ತಿದೆಯಲ್ಲ, ಅಪ್‌ಡೇಟ್ ಯಾಕೆ ಬೇಕು?’ ಎಂದು ಕೇಳುವವರಿಗೆ 2017ರ ಕತೆ ಹೇಳಬೇಕು. ವಿಂಡೋಸ್‌ನಲ್ಲಿದ್ದ ಒಂದು ದೊಡ್ಡ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದು ಬಿಡುಗಡೆ ಮಾಡಿತ್ತು. ಹಾಕಿಕೊಂಡವರು ಹಾಕಿಕೊಂಡರು, ‘ಆಮೇಲೆ ನೋಡೋಣ’ ಅಂದವರು ಹಾಗೇ ಬಿಟ್ಟರು. ಮೇ 12ರಂದು ವನ್ನಾಕ್ರೈ ಎಂಬ ಒತ್ತೆಹಣದ ವೈರಸ್ ಅದೇ ತೂತಿನಿಂದ ನುಗ್ಗಿತು. ಫೈಲುಗಳಿಗೆಲ್ಲ ಬೀಗ ಹಾಕಿ, ಬಿಡಿಸಬೇಕಾದರೆ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೊಡಿ ಎಂದಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ಅಪಾಯಿಂಟ್‌ಮೆಂಟ್‌ಗಳು ರದ್ದಾಗಿರಬಹುದೆಂದು ಅಂದಾಜಿಸಲಾಯಿತು. ಮದ್ದು ಎರಡು ತಿಂಗಳ ಮೊದಲೇ ಬಂದಿತ್ತು, ಕುಡಿದವರು ಉಳಿದುಕೊಂಡರು.

ಹಾಗಾಗಿ ಅಪ್‌ಡೇಟ್ ನಿಲ್ಲಿಸುವುದು ಪರಿಹಾರವಾಗಲಾರದು. ಮನೆಯ ಕಂಪ್ಯೂಟರಿನಲ್ಲಿ ನಾವು ಬ್ಯಾಂಕಿನ ವ್ಯವಹಾರ ಮಾಡುತ್ತೇವೆ, ಆಧಾರ್ ಪ್ರತಿ ಇಟ್ಟಿರುತ್ತೇವೆ. ಬಾಗಿಲ ಚಿಲಕ ಸಡಿಲವಾಗಿದೆ ಅಂತ ಗೊತ್ತಾದ ಮೇಲೂ ಹಾಗೇ ಮಲಗಲು ಆಗುತ್ತದೆಯೇ?

ಒಂದು ಸಮಾಧಾನದ ಮಾತೂ ಇದೆ. ವಿಂಡೋಸ್ 10 ಮತ್ತು 11ರ ಮಾಸಿಕ ಅಪ್‌ಡೇಟ್‌ಗಳು ಕೂಡುತ್ತಾ ಹೋಗುವಂಥವು. ಈ ತಿಂಗಳದ್ದರಲ್ಲಿ ಹಿಂದಿನ ತಿಂಗಳುಗಳ ದುರಸ್ತಿಯೂ ಸೇರಿರುತ್ತದೆ. ಒಂದು ತಿಂಗಳು ಫೇಲ್ ಆಯಿತು ಅಂತ ಗಾಬರಿ ಬೇಡ, ಮುಂದಿನದು ಸರಿಯಾಗಿ ಕೂತರೆ ಬಾಕಿ ತೀರಿದ ಹಾಗೆ. ಎರಡು ಮೂರು ತಿಂಗಳು ಸತತವಾಗಿ ಫೇಲ್ ಆದರೆ ಮಾತ್ರ ಕೈ ಕಟ್ಟಿ ಕೂರಬೇಡಿ.

ಒಳಗೆ ನಡೆಯುವುದೇನು?

ಅಪ್‌ಡೇಟ್ ಎಂದರೆ ನಾಲ್ಕು ಹಂತದ ಕೆಲಸ. ಮೊದಲು ಕಂಪ್ಯೂಟರ್ ಮೈಕ್ರೋಸಾಫ್ಟಿನ ಸರ್ವರ್‌ಗೆ ‘ನನಗೆ ಏನು ಬಾಕಿ ಇದೆ?’ ಎಂದು ಕೇಳುತ್ತದೆ. ಆಮೇಲೆ ಬೇಕಾದ ಫೈಲುಗಳನ್ನು ಇಳಿಸಿಕೊಂಡು ಒಂದು ಫೋಲ್ಡರಿನಲ್ಲಿ ಇಡುತ್ತದೆ. ಮೂರನೆಯದಾಗಿ ಅವನ್ನು ಬಿಚ್ಚಿ, ಹಳೆಯದರ ಜೊತೆ ಹೋಲಿಸಿ, ಹೊಸದನ್ನು ಸಿದ್ಧಮಾಡಿಕೊಳ್ಳುತ್ತದೆ. ಕೊನೆಗೆ ರೀಸ್ಟಾರ್ಟ್ ಆಗುವಾಗ ಹಳೆಯ ಫೈಲು ತೆಗೆದು ಹೊಸದನ್ನು ಕೂರಿಸುತ್ತದೆ.

ರೀಸ್ಟಾರ್ಟ್ ಯಾಕೆ ಬೇಕು? ನೀವು ಕೂತಿರುವ ಕುರ್ಚಿಯ ಕಾಲನ್ನು ಬಡಗಿ ಬದಲಾಯಿಸಲಾರ, ನೀವು ಒಂದು ನಿಮಿಷ ಏಳಬೇಕು. ವಿಂಡೋಸ್ ಓಡುತ್ತಿರುವಾಗ ತಾನೇ ಬಳಸುತ್ತಿರುವ ಫೈಲುಗಳ ಕತೆಯೂ ಹೀಗೇ.

ಈ ನಾಲ್ಕರಲ್ಲಿ ಎಲ್ಲಿ ಎಡವಿದರೂ ನಮಗೆ ಕಾಣುವುದು ‘ಫೇಲ್ಡ್’ ಎಂಬ ಒಂದೇ ಪದ. ನಡುವೆ ಎಡವಿದರೆ ವಿಂಡೋಸ್ ಮಾಡಿದ್ದನ್ನೆಲ್ಲ ವಾಪಸ್ ತೆಗೆದು ಮೊದಲಿನ ಸ್ಥಿತಿಗೆ ಬರುತ್ತದೆ. ನಾವು ಬೈಯುವ ಆ ‘ರದ್ದು ಮಾಡುತ್ತಿದ್ದೇವೆ’ ಸಾಲು ನಿಜಕ್ಕೂ ನಮ್ಮನ್ನು ಕಾಪಾಡುವ ಏರ್ಪಾಡು. ಆ ಹೊತ್ತಿನಲ್ಲಿ ಸಿಟ್ಟು ಬಂದು ಪವರ್ ಬಟನ್ ಒತ್ತಿ ಹಿಡಿಯಬೇಡಿ. ಅರ್ಧಂಬರ್ಧ ಬದಲಾದ ಫೈಲುಗಳು ಉಳಿದುಬಿಟ್ಟರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಕರೆಂಟ್ ಆಗಾಗ ಹೋಗುವ ಊರಾದರೆ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಡೆಸ್ಕ್‌ಟಾಪ್ ಯುಪಿಎಸ್ ಮೇಲಿರಲಿ.

ನಂಬರ್ ಓದುವುದು ಹೇಗೆ?

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್‌ಗೆ ಹೋಗಿ, ‘ಅಪ್‌ಡೇಟ್ ಹಿಸ್ಟರಿ’ ಒತ್ತಿ. ಫೇಲ್ ಆದ ಅಪ್‌ಡೇಟಿನ ಹೆಸರಿನಲ್ಲಿ ‘ಕೆಬಿ’ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ, ಜೊತೆಗೆ ಎರರ್ ನಂಬರ್ ಇರುತ್ತದೆ. ಎರಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಮಾಡುವ ಒಂದು ಹೆಜ್ಜೆಯಲ್ಲಿ ಈ ಪಟ್ಟಿಯೇ ಖಾಲಿ ಕಾಣಬಹುದು, ಅದಕ್ಕೇ ಮೊದಲ ಕೆಲಸ ಇದು.

ಎರರ್ ನಂಬರ್ ಸೊನ್ನೆ, ಎಕ್ಸ್ ಎಂದು ಶುರುವಾಗಿ ಎಂಟು ಅಕ್ಷರ ಅಂಕಿಗಳಲ್ಲಿ ಮುಗಿಯುತ್ತದೆ. ನೋಡಿದರೆ ತಲೆ ತಿರುಗುತ್ತದೆ, ನಿಜ. ಆದರೆ ಪಿನ್‌ಕೋಡ್ ನೆನಪಿಸಿಕೊಳ್ಳಿ. 560 ಅಂದರೆ ಬೆಂಗಳೂರು, 570 ಅಂದರೆ ಮೈಸೂರು, 580 ಅಂದರೆ ಹುಬ್ಬಳ್ಳಿ ಧಾರವಾಡ ಕಡೆ ಅಂತ ಮೊದಲ ಮೂರಂಕಿಯಲ್ಲೇ ತಿಳಿಯುವುದಿಲ್ಲವೇ? ಇದೂ ಹಾಗೇ.

ಸೊನ್ನೆ ಎಕ್ಸ್ ಆದ ಮೇಲೆ 8007 ಅಂತ ಇದ್ದರೆ ತೊಂದರೆ ವಿಂಡೋಸಿನ ಸಾಮಾನ್ಯ ವ್ಯವಹಾರದ್ದು: ಡಿಸ್ಕ್, ಫೈಲು, ಅನುಮತಿ ಇತ್ಯಾದಿ. 8024 ಅಂತಿದ್ದರೆ ಅಪ್‌ಡೇಟ್ ತರುವ ವ್ಯವಸ್ಥೆಯದ್ದು, ಇಂಟರ್ನೆಟ್ ಸಂಪರ್ಕವೂ ಇದರಲ್ಲಿ ಬರುತ್ತದೆ. 800ಎಫ್ ಅಂತಿದ್ದರೆ ಫೈಲುಗಳನ್ನು ಕೂರಿಸುವ ಹಂತದ್ದು. ಮನೆಗಳಲ್ಲಿ ಆಗಾಗ ಕಾಣುವ ಕೆಲವು ಇಲ್ಲಿವೆ:

- 0ಎಕ್ಸ್80070070: ಡಿಸ್ಕಿನಲ್ಲಿ ಜಾಗ ಇಲ್ಲ.
- 0ಎಕ್ಸ್80070422: ಅಪ್‌ಡೇಟ್ ಸರ್ವೀಸನ್ನು ಯಾರೋ ಆಫ್ ಮಾಡಿಟ್ಟಿದ್ದಾರೆ.
- 0ಎಕ್ಸ್80070020: ಬೇಕಾದ ಫೈಲನ್ನು ಬೇರೆ ಪ್ರೋಗ್ರಾಂ ಹಿಡಿದುಕೊಂಡಿದೆ, ಹಲವು ಸಲ ಆ್ಯಂಟಿವೈರಸ್.
- 0ಎಕ್ಸ್8024402ಸಿ: ಸರ್ವರಿನ ವಿಳಾಸ ಸಿಗುತ್ತಿಲ್ಲ. ಇಂಟರ್ನೆಟ್ ಅಥವಾ ಪ್ರಾಕ್ಸಿ ತೊಂದರೆ.
- 0ಎಕ್ಸ್80072ಎಫ್8ಎಫ್: ಸುರಕ್ಷಿತ ಸಂಪರ್ಕ ಆಗುತ್ತಿಲ್ಲ. ಮೊದಲು ತಾರೀಕು, ಸಮಯ ನೋಡಿ.
- 0ಎಕ್ಸ್80073712 ಮತ್ತು 0ಎಕ್ಸ್800ಎಫ್081ಎಫ್: ವಿಂಡೋಸಿನ ಸ್ವಂತ ಫೈಲು ಹಾಳಾಗಿದೆ ಅಥವಾ ಕಾಣೆಯಾಗಿದೆ.

ಹತ್ತು ನಿಮಿಷದ ಕೆಲಸಗಳು

ಮೊದಲು ಸುಲಭದವು. ಇವುಗಳಿಗೆ ಯಾವ ತಾಂತ್ರಿಕ ಜ್ಞಾನವೂ ಬೇಡ, ಯಾವ ಫೈಲಿಗೂ ಅಪಾಯವಿಲ್ಲ.

*ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಸಾಲದು.* ‘ದಿನಾ ಆಫ್ ಮಾಡ್ತೀನಲ್ಲ’ ಅನ್ನಬಹುದು. ಈಗಿನ ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಅನುಕೂಲ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಸಿಸ್ಟಮಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ, ಇದ್ದ ಸ್ಥಿತಿಯನ್ನೇ ಡಿಸ್ಕಿಗೆ ಬರೆದಿಟ್ಟು ಬೆಳಗ್ಗೆ ಅಲ್ಲಿಂದಲೇ ಎದ್ದೇಳುತ್ತದೆ. ರೀಸ್ಟಾರ್ಟ್ ಮಾತ್ರ ನಿಜವಾಗಿ ಹೊಸದಾಗಿ ಶುರುಮಾಡುತ್ತದೆ. ವಾರಗಟ್ಟಲೆ ಮುಚ್ಚಳ ಮುಚ್ಚಿ ತೆರೆದು ಬಳಸುವ ಲ್ಯಾಪ್‌ಟಾಪ್‌ಗಳಿಗೆ ಎಷ್ಟೋ ಸಲ ಇದೊಂದೇ ಸಾಕಾಗುತ್ತದೆ.

*ಗಡಿಯಾರ ನೋಡಿ.* ನಗಬೇಡಿ, ಇದು ಹಳೆಯ ಡೆಸ್ಕ್‌ಟಾಪ್‌ಗಳ ದೊಡ್ಡ ರೋಗ. ನಮ್ಮ ಚಿಕ್ಕಪ್ಪ ಒಮ್ಮೆ ಫೋನ್ ಮಾಡಿ, ‘ಏನೋ ಇದು, ಅಪ್‌ಡೇಟೂ ಆಗಲ್ಲ, ಬ್ಯಾಂಕಿನ ಸೈಟೂ ತೆಗೆಯಲ್ಲ, ಅಂಗಡಿಯವನು ಫಾರ್ಮ್ಯಾಟ್ ಅಂತಾನೆ’ ಎಂದರು. ‘ಕೆಳಗಡೆ ಬಲಗಡೆ ಮೂಲೆಯಲ್ಲಿ ತಾರೀಕು ಎಷ್ಟಿದೆ ಚಿಕ್ಕಪ್ಪ?’ ಎಂದು ಕೇಳಿದೆ. ಹತ್ತು ವರ್ಷ ಹಿಂದಿನದಿತ್ತು. ‘ಕರೆಂಟ್ ಹೋಗಿ ಬಂದಾಗೆಲ್ಲ ಹಿಂಗೇ ಆಗುತ್ತೆ, ಅದಕ್ಕೂ ಇದಕ್ಕೂ ಏನು ಸಂಬಂಧ?’ ಅಂದರು.

ಸಂಬಂಧ ಇದೆ. ಕಂಪ್ಯೂಟರ್ ಒಂದು ಸರ್ವರ್ ಜೊತೆ ಗುಟ್ಟಾಗಿ ಮಾತಾಡುವ ಮೊದಲು ಅದರ ಗುರುತಿನ ಪತ್ರ ನೋಡುತ್ತದೆ. ಆ ಪತ್ರಕ್ಕೆ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂಬ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರ್ ಹತ್ತು ವರ್ಷ ಹಿಂದೆ ಬದುಕುತ್ತಿದ್ದರೆ ಅದರ ಕಣ್ಣಿಗೆ ಈ ಪತ್ರ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ನಂಬುವುದಿಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದ ಆಕಾರದ ಒಂದು ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಸಿಆರ್2032 ಎಂಬ 3 ವೋಲ್ಟಿನದು. ಅದು ಸತ್ತರೆ ಕರೆಂಟ್ ಹೋದಾಗೆಲ್ಲ ತಾರೀಕು ಮರೆತುಹೋಗುತ್ತದೆ. ಚಿಕ್ಕಪ್ಪನ ಕಂಪ್ಯೂಟರಿಗೆ ಬೇಕಾಗಿದ್ದುದು ಆ ಬ್ಯಾಟರಿ. ನೂರು ರೂಪಾಯಿಯೊಳಗೆ ಮುಗಿಯಿತು.

*ಜಾಗ ನೋಡಿ.* ಮಾಸಿಕ ಅಪ್‌ಡೇಟಿಗೂ ಕೆಲವು ಜಿಬಿ ಬೇಕು. ವರ್ಷಕ್ಕೊಮ್ಮೆ ಬರುವ ದೊಡ್ಡದಕ್ಕೆ ಸಿ ಡ್ರೈವಿನಲ್ಲಿ 20 ಜಿಬಿಯಾದರೂ ಖಾಲಿ ಇರಲಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಸ್ಟೋರೇಜ್, ಅದರಲ್ಲಿ ‘ಟೆಂಪೊರರಿ ಫೈಲ್ಸ್’ ತೆರೆದರೆ ಯಾವ ಕಸ ಎಷ್ಟಿದೆ ಅಂತ ಪಟ್ಟಿ ಬರುತ್ತದೆ. ಒಂದು ಎಚ್ಚರಿಕೆ: ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಅಂತ ಇರುತ್ತದೆ. ಅದು ಕಸದ ಬುಟ್ಟಿ ಅಲ್ಲ, ನೀವು ಇಳಿಸಿಕೊಂಡ ಬಿಲ್ಲು, ಮಾರ್ಕ್ಸ್ ಕಾರ್ಡುಗಳೆಲ್ಲ ಅಲ್ಲೇ ಇರುತ್ತವೆ. ಅದರ ಮುಂದೆ ಟಿಕ್ ಇದ್ದರೆ ತೆಗೆದುಬಿಡಿ.

*ಇಂಟರ್ನೆಟ್ ನೋಡಿ.* ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಬಳಸುವವರು ‘ಮೀಟರ್ಡ್ ಕನೆಕ್ಷನ್’ ಎಂಬ ಆಯ್ಕೆ ಆನ್ ಇಟ್ಟಿರುತ್ತಾರೆ. ಆಗ ಡೇಟಾ ಉಳಿಸಲು ವಿಂಡೋಸ್ ದೊಡ್ಡ ಅಪ್‌ಡೇಟುಗಳನ್ನು ಇಳಿಸುವುದೇ ಇಲ್ಲ. ದಿನದ ಡೇಟಾ ನಡುವೆ ಮುಗಿದರೂ ಕತೆ ಅಷ್ಟೇ. ತಿಂಗಳಿಗೊಮ್ಮೆ ಒಳ್ಳೆಯ ವೈಫೈ ಇರುವ ಕಡೆ ಅಪ್‌ಡೇಟ್ ಮುಗಿಸಿಕೊಳ್ಳಿ. ವಿಪಿಎನ್ ಇದ್ದರೆ ಆ ಹೊತ್ತಿಗೆ ಆಫ್ ಮಾಡಿ.

*ಹೊರಗಿನ ಸಾಮಾನು ತೆಗೆಯಿರಿ.* ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್, ಮೆಮೊರಿ ಕಾರ್ಡ್, ಪ್ರಿಂಟರಿನ ವೈರು ಎಲ್ಲ ಬಿಚ್ಚಿಡಿ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ, ಅದರಲ್ಲೂ ಅವಧಿ ಮುಗಿದದ್ದಿದ್ದರೆ, ತೆಗೆದುಹಾಕಿ. ವಿಂಡೋಸಿನ ಸ್ವಂತ ಡಿಫೆಂಡರ್ ತಾನಾಗಿ ಕೆಲಸ ಶುರುಮಾಡುತ್ತದೆ.

ಇಷ್ಟಾದ ಮೇಲೆ ಸೆಟ್ಟಿಂಗ್ಸ್, ಸಿಸ್ಟಂ, ‘ಟ್ರಬಲ್‌ಶೂಟ್’, ಅದರಲ್ಲಿ ‘ಅದರ್ ಟ್ರಬಲ್‌ಶೂಟರ್ಸ್’ ತೆರೆದು ವಿಂಡೋಸ್ ಅಪ್‌ಡೇಟ್ ಮುಂದಿನ ‘ರನ್’ ಒತ್ತಿ. ನಿಂತುಹೋದ ಸರ್ವೀಸುಗಳನ್ನು ಎಬ್ಬಿಸುವಂಥ ಸಣ್ಣಪುಟ್ಟ ಕೆಲಸ ಅದೇ ಮಾಡುತ್ತದೆ.

ಮುಂದಕ್ಕೆ ಹೋಗುವ ಮೊದಲು ಎರಡು ಕೆಲಸ

ಇನ್ನು ಮುಂದಿನವು ಸ್ವಲ್ಪ ಒಳಗೆ ಕೈ ಹಾಕುವ ಕೆಲಸ. ಮೊದಲು ಫೋಟೊ, ವಿಡಿಯೊ, ಕಾಗದಪತ್ರಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆಮೇಲೆ ಅದನ್ನು ಬಿಚ್ಚಿಡಿ. ನಕಲು ಮಾಡಿದ ಮೇಲೆ ಒಂದೆರಡು ಫೋಟೊ ತೆರೆದು ನೋಡಿ, ನಿಜವಾಗಿ ಬಂದಿವೆಯಾ ಅಂತ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರಿನ ಫೈಲುಗಳನ್ನೇ ಅಳಿಸಿತ್ತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ಪಡೆದು, ಸರಿಪಡಿಸಿ, ನವೆಂಬರಿನಲ್ಲಿ ಮತ್ತೆ ಬಿಟ್ಟಿತು. ಅಪ್‌ಡೇಟ್ ಬೇಕೇ ಬೇಕು, ಆದರೆ ಅದರ ಮೇಲೆ ಕುರುಡು ನಂಬಿಕೆ ಬೇಡ. ಬ್ಯಾಕಪ್ ಇದ್ದವರು ಮಾತ್ರ ಆ ವಾರ ನಿಶ್ಚಿಂತೆಯಿಂದ ಮಲಗಿದರು.

ಎರಡನೆಯದು ಬಿಟ್‌ಲಾಕರ್ ಕೀ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಏನಾದರೂ ಹೆಚ್ಚುಕಡಿಮೆ ಆದರೆ 48 ಅಂಕಿಯ ಕೀ ಕೇಳುತ್ತದೆ, ಇಲ್ಲದಿದ್ದರೆ ನಿಮ್ಮ ಫೈಲು ನಿಮಗೇ ಸಿಗುವುದಿಲ್ಲ. ಲ್ಯಾಪ್‌ಟಾಪಿಗೆ ಜೋಡಿಸಿರುವ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ಕಾಗದದ ಮೇಲೆ ಬರೆದು ರೇಷನ್ ಕಾರ್ಡ್ ಇಡುವ ಕಡೆ ಇಟ್ಟುಬಿಡಿ.

ಕೆಟ್ಟ ಡೌನ್‌ಲೋಡ್ ಎಸೆಯುವುದು

ಅಪ್‌ಡೇಟ್ ಫೈಲುಗಳು ಇಳಿಯುವ ಫೋಲ್ಡರಿನ ಹೆಸರು ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗೆ ಇರುತ್ತದೆ. ಒಂದು ಫೈಲು ಅರ್ಧ ಇಳಿದು ಕೆಟ್ಟಿದ್ದರೆ, ವಿಂಡೋಸ್ ಅದನ್ನೇ ಮತ್ತೆ ಮತ್ತೆ ತೆಗೆದು ಪ್ರಯತ್ನಿಸುತ್ತಾ ಕೂರಬಹುದು. ಹುಳಿ ಹಿಡಿದ ಹಾಲನ್ನೇ ಪದೇ ಪದೇ ಕಾಯಿಸಿದ ಹಾಗೆ. ಚೆಲ್ಲಿ ಹೊಸದು ತರಬೇಕು.

ಸ್ಟಾರ್ಟ್ ಒತ್ತಿ, ಇಂಗ್ಲಿಷಿನಲ್ಲಿ ‘ಸರ್ವೀಸಸ್’ ಎಂದು ಟೈಪ್ ಮಾಡಿ ತೆರೆಯಿರಿ. ಉದ್ದ ಪಟ್ಟಿಯಲ್ಲಿ ‘ವಿಂಡೋಸ್ ಅಪ್‌ಡೇಟ್’ ಮತ್ತು ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವೀಸ್’ ಎಂಬ ಎರಡನ್ನು ಹುಡುಕಿ, ರೈಟ್ ಕ್ಲಿಕ್ ಮಾಡಿ ‘ಸ್ಟಾಪ್’ ಕೊಡಿ. ಈಗ ಆ ಫೋಲ್ಡರಿಗೆ ಹೋಗಿ ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿ ಬದಲಾಯಿಸಿ. ಅಳಿಸುವ ಬದಲು ಹೆಸರು ಬದಲಿಸಿದರೆ ಬೇಕಾದಾಗ ವಾಪಸ್ ತರಬಹುದು. ನಿಲ್ಲಿಸಿದ ಎರಡನ್ನೂ ಮತ್ತೆ ‘ಸ್ಟಾರ್ಟ್’ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಅಪ್‌ಡೇಟ್ ಹುಡುಕಲು ಹೇಳಿ. ವಿಂಡೋಸ್ ಹೊಸ ಫೋಲ್ಡರ್ ತಾನೇ ಮಾಡಿಕೊಂಡು ಮೊದಲಿನಿಂದ ಇಳಿಸಿಕೊಳ್ಳುತ್ತದೆ. ಹಿಸ್ಟರಿ ಪಟ್ಟಿ ಖಾಲಿ ಕಾಣಬಹುದು ಅಂದೆನಲ್ಲ, ಅದು ಇಲ್ಲೇ. ಈಗಾಗಲೇ ಕೂತಿರುವ ಅಪ್‌ಡೇಟುಗಳಿಗೆ ಏನೂ ಆಗಿರುವುದಿಲ್ಲ. ಎಲ್ಲ ಸರಿಯಾದ ಮೇಲೆ ಹಳೆಯ ಫೋಲ್ಡರ್ ಅಳಿಸಬಹುದು.

ಒಳಗಿನ ಫೈಲು ಹಾಳಾಗಿದ್ದರೆ

ಇದಕ್ಕೆ ವಿಂಡೋಸಿನಲ್ಲೇ ಎರಡು ಉಪಕರಣಗಳಿವೆ. ಸ್ಟಾರ್ಟಿನಲ್ಲಿ ‘ಸಿಎಂಡಿ’ ಎಂಬ ಮೂರಕ್ಷರ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಕಮಾಂಡ್ ಪ್ರಾಂಪ್ಟ್ ಎಂದು ಬಂದ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಕಪ್ಪು ಪರದೆ ಬರುತ್ತದೆ, ಹೆದರಬೇಡಿ.

ಮೊದಲನೆಯ ಆಜ್ಞೆ ಡಿಐಎಸ್‌ಎಂ. ಆ ನಾಲ್ಕಕ್ಷರ ಬರೆದು, ಒಂದು ಸ್ಪೇಸ್ ಬಿಟ್ಟು, ಓರೆಗೆರೆ ಹಾಕಿ ‘ಆನ್‌ಲೈನ್’ ಎಂದು ಬರೆಯಿರಿ. ಮತ್ತೆ ಸ್ಪೇಸ್, ಓರೆಗೆರೆ, ‘ಕ್ಲೀನಪ್-ಇಮೇಜ್’, ನಡುವೆ ಸಣ್ಣ ಅಡ್ಡಗೆರೆ ಇರಲಿ. ಮತ್ತೆ ಸ್ಪೇಸ್, ಓರೆಗೆರೆ, ‘ರಿಸ್ಟೋರ್‌ಹೆಲ್ತ್’ ಒಂದೇ ಪದವಾಗಿ. ಓರೆಗೆರೆ ಎಂದರೆ ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯಲ್ಲಿನದು. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ದೊಡ್ಡಕ್ಷರವೋ ಸಣ್ಣಕ್ಷರವೋ ನಡೆಯುತ್ತದೆ. ಎಂಟರ್ ಒತ್ತಿ. ಇದು ವಿಂಡೋಸ್ ತನ್ನ ಬಿಡಿಭಾಗಗಳನ್ನು ಇಟ್ಟುಕೊಂಡಿರುವ ಉಗ್ರಾಣವನ್ನು ಪರೀಕ್ಷಿಸಿ, ಕೆಟ್ಟದ್ದನ್ನು ಇಂಟರ್ನೆಟ್‌ನಿಂದ ತಂದು ತುಂಬುತ್ತದೆ. ಕೆಲವೊಮ್ಮೆ ಒಂದೇ ಅಂಕಿಯ ಮೇಲೆ ಬಹಳ ಹೊತ್ತು ನಿಂತಂತೆ ಕಾಣುತ್ತದೆ. ಮುಚ್ಚಬೇಡಿ, ಕಾಫಿ ಕುಡಿದು ಬನ್ನಿ.

ಅದು ಮುಗಿದ ಮೇಲೆ ಎರಡನೆಯದು ಎಸ್‌ಎಫ್‌ಸಿ. ಮೂರಕ್ಷರ, ಸ್ಪೇಸ್, ಓರೆಗೆರೆ, ‘ಸ್ಕ್ಯಾನ್‌ನೌ’ ಒಂದೇ ಪದವಾಗಿ. ಇದು ಉಗ್ರಾಣದಲ್ಲಿರುವ ಒಳ್ಳೆಯ ಪ್ರತಿಯ ಜೊತೆ ಬಳಕೆಯಲ್ಲಿರುವ ಫೈಲನ್ನು ಹೋಲಿಸಿ, ಕೆಟ್ಟಿದ್ದನ್ನು ಬದಲಿಸುತ್ತದೆ. ಕ್ರಮ ಮುಖ್ಯ. ಉಗ್ರಾಣವೇ ಕೆಟ್ಟಿದ್ದರೆ ಅಲ್ಲಿಂದ ತಂದು ಹಾಕಿ ಪ್ರಯೋಜನವೇನು? ಅದಕ್ಕೇ ಡಿಐಎಸ್‌ಎಂ ಮೊದಲು.

ಒಂದೇ ಒಂದು ಅಪ್‌ಡೇಟ್ ಹಟ ಹಿಡಿದಿದ್ದರೆ ಇನ್ನೊಂದು ದಾರಿ ಇದೆ. ‘ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್’ ಎಂಬ ಮೈಕ್ರೋಸಾಫ್ಟಿನದೇ ತಾಣದಲ್ಲಿ ಆ ಕೆಬಿ ಸಂಖ್ಯೆ ಹುಡುಕಿ, ನಿಮ್ಮ ವಿಂಡೋಸಿಗೆ ಹೊಂದುವುದನ್ನು ಇಳಿಸಿ ಕೈಯಾರೆ ಹಾಕಬಹುದು. ಬೇರೆ ಯಾವ ತಾಣದಿಂದಲೂ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವ ಲಿಂಕಿನಿಂದಲೂ ಇಳಿಸಬೇಡಿ.

ತಪ್ಪು ಅವರದೇ ಆಗಿದ್ದಾಗ

ಎಲ್ಲ ಮಾಡಿದರೂ ಆಗದಿದ್ದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಕೆಬಿ5034441 ಎಂಬ ಭದ್ರತಾ ಅಪ್‌ಡೇಟ್ ಬಂತು. ಪ್ರಪಂಚದಾದ್ಯಂತ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಅದು 0ಎಕ್ಸ್80070643 ಎಂಬ ನಂಬರ್ ತೋರಿಸಿ ಫೇಲ್ ಆಯಿತು. ಆ ನಂಬರಿನ ಅರ್ಥ ‘ಅಳವಡಿಸುವಾಗ ದೊಡ್ಡ ತೊಂದರೆ’ ಅಂತ ಅಷ್ಟೇ, ಯಾವ ತೊಂದರೆ ಅಂತ ಹೇಳುವುದಿಲ್ಲ. ಜನ ಜಾಗ ಖಾಲಿ ಮಾಡಿದರು, ಫೋಲ್ಡರ್ ಬದಲಿಸಿದರು, ಫಾರ್ಮ್ಯಾಟ್ ಕೂಡ ಮಾಡಿಸಿದರು.

ನಿಜವಾದ ಕಾರಣ ಬೇರೆಯೇ ಇತ್ತು. ವಿಂಡೋಸ್ ಕೆಟ್ಟಾಗ ಬಳಸಲು ಡಿಸ್ಕಿನಲ್ಲಿ ಒಂದು ಪುಟ್ಟ ಪ್ರತ್ಯೇಕ ಕೋಣೆ ಇರುತ್ತದೆ, ಅದನ್ನು ರಿಕವರಿ ಪಾರ್ಟಿಶನ್ ಅನ್ನುತ್ತಾರೆ. ಈ ಅಪ್‌ಡೇಟ್ ಕೂರಬೇಕಾಗಿದ್ದುದು ಅಲ್ಲಿ. ಅದಕ್ಕೆ 250 ಎಂಬಿ ಖಾಲಿ ಜಾಗ ಬೇಕಿತ್ತು. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಆ ಕೋಣೆ ಅಷ್ಟು ದೊಡ್ಡದಿರಲಿಲ್ಲ. ಸಿ ಡ್ರೈವಿನಲ್ಲಿ 200 ಜಿಬಿ ಖಾಲಿ ಇದ್ದರೂ ಉಪಯೋಗವಿಲ್ಲ. ಕೈಯಾರೆ ಪಾರ್ಟಿಶನ್ ಹಿಗ್ಗಿಸುವ ವಿಧಾನವನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು, ಆದರೆ ಅದು ಮನೆಯಲ್ಲಿ ಕೂತು ಮಾಡುವಷ್ಟು ಸರಳವಾಗಿರಲಿಲ್ಲ. ಒಂದು ಅಂಕಿ ತಪ್ಪಿದರೆ ಡಿಸ್ಕಿನಲ್ಲಿರುವುದೆಲ್ಲ ಹೋಗಬಹುದು.

ಇದರಿಂದ ಕಲಿಯಬೇಕಾದ್ದು ಏನೆಂದರೆ, ಕೈ ಹಾಕುವ ಮೊದಲು ಕೆಬಿ ಸಂಖ್ಯೆ ಮತ್ತು ಎರರ್ ನಂಬರ್ ಎರಡನ್ನೂ ಸೇರಿಸಿ ಇಂಟರ್ನೆಟ್‌ನಲ್ಲಿ ಹುಡುಕಿ. ಸಾವಿರಾರು ಜನರಿಗೆ ಒಂದೇ ವಾರದಲ್ಲಿ ಅದೇ ತೊಂದರೆ ಬಂದಿದ್ದರೆ ರೋಗ ನಿಮ್ಮ ಮನೆಯದ್ದಲ್ಲ. ಕೆಲವು ದಿನ ಕಾದರೆ ಮೈಕ್ರೋಸಾಫ್ಟೇ ಸರಿಪಡಿಸುವ ಸಾಧ್ಯತೆ ಹೆಚ್ಚು.

ಅಪ್‌ಡೇಟೇ ಬಾರದಿದ್ದರೆ

ಫೇಲ್ ಆಗುವುದು ಬೇರೆ, ಬಾರದೇ ಇರುವುದು ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟುಗಳಷ್ಟೇ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ಸಿಗುವ ಏರ್ಪಾಡು ಮಾಡಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕೆಂಬ ನಿಯಮವಿದೆ. ಹಳೆಯ ಕಂಪ್ಯೂಟರಿಗೆ ಈ ನಿಯಮ ತಪ್ಪಿಸಿ ಯಾರಾದರೂ 11 ಹಾಕಿಕೊಟ್ಟಿದ್ದರೆ, ಅಂಥವಕ್ಕೆ ಅಪ್‌ಡೇಟಿನ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಇನ್ನು ‘ಕ್ರ್ಯಾಕ್’ ಮಾಡಿದ ವಿಂಡೋಸ್‌ನಲ್ಲಿ ಅಪ್‌ಡೇಟ್ ಸರ್ವೀಸನ್ನೇ ಮುಚ್ಚಿಟ್ಟಿರುವುದೂ ಉಂಟು. ಮೇಲೆ ಹೇಳಿದ 80070422 ನೆನಪಿದೆಯಲ್ಲ? ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹಾಕುವ ಮೊದಲು ಎರಡು ಸಲ ಯೋಚಿಸಿ.

ಫಾರ್ಮ್ಯಾಟ್‌ಗೆ ಮುಂಚಿನ ಮೆಟ್ಟಿಲು

ಎಲ್ಲಾ ಮುಗಿದರೂ ಫಾರ್ಮ್ಯಾಟಿಗೆ ಮುಂಚೆ ಇನ್ನೊಂದು ಮೆಟ್ಟಿಲಿದೆ, ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಫೈಲು, ಪ್ರೋಗ್ರಾಂಗಳನ್ನು ಇದ್ದಲ್ಲೇ ಬಿಟ್ಟು ವಿಂಡೋಸನ್ನು ಮಾತ್ರ ಮೇಲಿಂದ ಮೇಲೆ ಹೊಸದಾಗಿ ಹಾಕಬಹುದು. ಇತ್ತೀಚಿನ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ‘ರಿಕವರಿ’ಗೆ ಹೋದರೆ ‘ವಿಂಡೋಸ್ ಅಪ್‌ಡೇಟ್ ಬಳಸಿ ತೊಂದರೆ ಸರಿಪಡಿಸಿ’ ಎಂಬರ್ಥದ ಸಾಲಿನ ಎದುರು ‘ರೀಇನ್‌ಸ್ಟಾಲ್ ನೌ’ ಬಟನ್ ಇರುತ್ತದೆ. ಅದು ಇಲ್ಲದಿದ್ದರೆ ಮೈಕ್ರೋಸಾಫ್ಟ್ ತಾಣದಿಂದ ವಿಂಡೋಸ್ ಇಳಿಸಿ, ಸೆಟಪ್ ನಡೆಸಿ, ಏನನ್ನು ಉಳಿಸಬೇಕು ಎಂದು ಕೇಳಿದಾಗ ಫೈಲು ಮತ್ತು ಆ್ಯಪ್ ಎರಡನ್ನೂ ಉಳಿಸುವ ಆಯ್ಕೆ ಕೊಡಿ. ಎರಡು ಮೂರು ಗಂಟೆ ಹಿಡಿಯಬಹುದು. ಮನೆ ಖಾಲಿ ಮಾಡದೆ ಸುಣ್ಣ ಬಣ್ಣ ಬಳಿಸಿದ ಹಾಗೆ.

ಅದೂ ಆಗದೆ ಫಾರ್ಮ್ಯಾಟ್ ಮಾಡಿಸಲೇಬೇಕಾದರೆ, ಸಿ ಡ್ರೈವಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಬ್ಯಾಕಪ್‌ನಲ್ಲಿವೆಯೇ ನೋಡಿ. ಹಳೆಯ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಇನ್ನೊಂದು ಮಾತು. ಫಾರ್ಮ್ಯಾಟ್ ಆದ ಮೇಲೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ, ಆ ಹಳೆಯ ಫಾಂಟ್ ಹೋಗಿದೆ ಅಷ್ಟೇ. ಗಾಬರಿಯಲ್ಲಿ ಅಳಿಸಬೇಡಿ, ಅದೇ ಫಾಂಟ್ ಮತ್ತೆ ಹಾಕಿದರೆ ಅಕ್ಷರಗಳು ವಾಪಸ್ ಬರುತ್ತವೆ.

ಅಂಗಡಿಯವರನ್ನು ಕೇಳಿ

ಇಷ್ಟೆಲ್ಲ ನಮ್ಮ ಕೈಲಾಗಲ್ಲ ಅನಿಸಿದರೆ ರಿಪೇರಿಗೆ ಒಯ್ಯುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಕೆಲಸಗಾರರು ಎಲ್ಲ ಊರಿನಲ್ಲೂ ಇದ್ದಾರೆ. ಅವರನ್ನು ಗುರುತಿಸಲು ಮೂರು ಪ್ರಶ್ನೆ ಸಾಕು. ‘ಎರರ್ ನಂಬರ್ ಏನು ಬಂತು?’ ‘ಫೈಲು ಉಳಿಸಿಕೊಂಡು ವಿಂಡೋಸ್ ಮಾತ್ರ ಮತ್ತೆ ಹಾಕಿ ನೋಡಿದ್ರಾ?’ ‘ಫಾರ್ಮ್ಯಾಟ್ ಮಾಡೋದಾದ್ರೆ ಬ್ಯಾಕಪ್ ಯಾವ ಡಿಸ್ಕಿಗೆ ತಗೊಂಡ್ರಿ, ತೋರಿಸ್ತೀರಾ?’

ಕೆಲಸ ಬಲ್ಲವರು ಈ ಮೂರಕ್ಕೂ ನಿಂತಲ್ಲೇ ಉತ್ತರ ಕೊಡುತ್ತಾರೆ, ಖುಷಿಯಾಗಿ ಇನ್ನೆರಡು ಮಾತೂ ಹೇಳುತ್ತಾರೆ. ಮೂರಕ್ಕೂ ‘ಅದೆಲ್ಲ ಬೇಡ ಸಾರ್, ಫಾರ್ಮ್ಯಾಟ್ ಮಾಡ್ಬಿಡೋಣ’ ಅನ್ನುವವರಾದರೆ, ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಮನೆಗೆ ಬನ್ನಿ. ಇನ್ನೊಂದು ವಾರ ಫೇಲ್ ಆದರೂ ಪರವಾಗಿಲ್ಲ, ಫೋಟೊಗಳು ಇರಲಿ.